ಓಬಿ ವ್ಯಾನು ಹೊರಟ ಮೇಲಿನ ಅಂಗಳ

ಪ್ರಿಯ ಮಿತ್ರರೇ,

ನೀವು ಕಳಿಸಿದ ಚಿತ್ರಕಥೆಯ ಕರಡನ್ನು ಎರಡು ಸಲ ಓದಿದ್ದೇನೆ. ಬಯಲುಸೀಮೆಯ ಹಳ್ಳಿಯೊಂದರಲ್ಲಿ ಸಾಲದಲ್ಲಿ ಸತ್ತ ರೈತನ ಮನೆಯ ಮುಂದೆ ಸುದ್ದಿವಾಹಿನಿಯೊಂದು ನೇರಪ್ರಸಾರದ ಓಬಿ ವ್ಯಾನಿನೊಂದಿಗೆ ಮೂರು ದಿನ ಬೀಡುಬಿಟ್ಟು, ಆ ಮನೆಯ ದುಃಖವನ್ನು ಗಂಟೆಗೊಂದು ಕಾರ್ಯಕ್ರಮವಾಗಿ ಮಾರಿಕೊಳ್ಳುವ ಕಥೆ ನಿಮ್ಮದು. ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಮೇಲೆ ನಿಮಗಿರುವ ಸಿಟ್ಟು ಪ್ರತಿ ಪುಟದಲ್ಲೂ ಕಾಣುತ್ತದೆ. ಆ ಸಿಟ್ಟು ನ್ಯಾಯವಾದದ್ದು. ವರದಿಗಾರನ ಮಾತಿನ ಧಾಟಿ, ಬೈಟ್ (ಕ್ಯಾಮೆರಾದ ಮುಂದಿನ ಹೇಳಿಕೆ) ತೆಗೆದುಕೊಳ್ಳುವ ಅವಸರ, ಸ್ಟುಡಿಯೋದಲ್ಲಿ ಕೂತ ನಿರೂಪಕ ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ತಿರುಗಿಸಿ ಕೇಳುವ ರೀತಿ, ಇವನ್ನೆಲ್ಲ ನೀವು ಕಿವಿಗೊಟ್ಟು ಕೇಳಿಯೇ ಬರೆದಿದ್ದೀರಿ. ಆದರೆ ಅರವತ್ತು ಪುಟ ಮುಗಿದರೂ ಸತ್ತವನ ಹೆಂಡತಿಯ ಹೆಸರು ನನಗೆ ತಿಳಿಯಲಿಲ್ಲ. ನಿಮ್ಮ ಕರಡಿನಲ್ಲಿ ಆಕೆ ‘ಹೆಂಡತಿ’, ನಿಮ್ಮ ವಾಹಿನಿಯ ಪರದೆಯ ಮೇಲೆ ಆಕೆ ‘ಮೃತನ ಪತ್ನಿ’. ಈ ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಅದಕ್ಕಾಗಿ.

ಈ ಬಗೆಯ ಕಥೆ ಬರೆಯುವವರು ‘ಪೀಪ್ಲಿ ಲೈವ್’ ಚಿತ್ರವನ್ನು ಒಮ್ಮೆಯಲ್ಲ, ಹಲವು ಸಲ ನೋಡಬೇಕು. 2010ರ ಆಗಸ್ಟ್‌ನಲ್ಲಿ ತೆರೆಕಂಡ ಈ ಹಿಂದಿ ಚಿತ್ರವನ್ನು ನಿರ್ದೇಶಿಸಿದ ಅನುಷಾ ರಿಜ್ವಿ ಅದಕ್ಕೂ ಮೊದಲು ಟಿವಿ ಪತ್ರಕರ್ತೆಯಾಗಿದ್ದರು. ಬ್ಯಾಂಕಿನ ಸಾಲ ತೀರಿಸಲಾಗದೆ ಹೊಲ ಕೈಬಿಟ್ಟುಹೋಗುವ ಹೊತ್ತಿನಲ್ಲಿ ಬುಧಿಯಾ ಮತ್ತು ನತ್ಥಾ ಎಂಬ ಅಣ್ಣತಮ್ಮಂದಿರು ಊರಿನ ಪುಢಾರಿಯ ಮನೆಗೆ ಸಹಾಯ ಕೇಳಲು ಹೋಗುತ್ತಾರೆ. ಆತ್ಮಹತ್ಯೆ ಮಾಡಿಕೊಂಡ ರೈತನ ಮನೆಗೆ ಸರ್ಕಾರ 1 ಲಕ್ಷ ರೂಪಾಯಿ ಕೊಡುತ್ತದೆಂಬ ಮಾತು ಅಲ್ಲಿ ಅವರ ಕಿವಿಗೆ ಬೀಳುತ್ತದೆ. ಯಾರು ಸಾಯಬೇಕೆಂಬ ಚರ್ಚೆಯಲ್ಲಿ ತಮ್ಮನ ಹೆಗಲಿಗೆ ಅದು ಬರುತ್ತದೆ, ಆ ಸಂಗತಿ ಸ್ಥಳೀಯ ಪತ್ರಿಕೆಯ ರಾಕೇಶನ ಕೈಯಲ್ಲಿ ಸುದ್ದಿಯಾಗುತ್ತದೆ, ಉಪಚುನಾವಣೆ ಹತ್ತಿರವಿರುವುದರಿಂದ ದೆಹಲಿಯ ವಾಹಿನಿಗಳೆಲ್ಲ ಪೀಪ್ಲಿ ಎಂಬ ಆ ಊರಿಗೆ ಬಂದಿಳಿಯುತ್ತವೆ. ಊರಿನಲ್ಲಿ ಜಾತ್ರೆಯೇ ನೆರೆಯುತ್ತದೆ, ತೊಟ್ಟಿಲು ತಿರುಗುತ್ತದೆ. ಬಯಲಿಗೆ ಹೋದ ನತ್ಥಾ ಕಾಣೆಯಾದಾಗ ವರದಿಗಾರನೊಬ್ಬ ಆತನ ಮಲವನ್ನು ಕ್ಯಾಮೆರಾಗೆ ತೋರಿಸಿ, ಅದರಿಂದ ಆತನ ಮನಸ್ಥಿತಿಯನ್ನು ವಿಶ್ಲೇಷಿಸುತ್ತಾನೆ. ಚಿತ್ರಮಂದಿರದಲ್ಲಿ ಆ ದೃಶ್ಯಕ್ಕೆ ಜನ ಬಿದ್ದುಬಿದ್ದು ನಕ್ಕದ್ದನ್ನು ನಾನು ಕಂಡಿದ್ದೇನೆ, ನಾನೂ ನಕ್ಕಿದ್ದೇನೆ.

ನೀವು ಕಲಿತದ್ದು ಈ ದೃಶ್ಯದಿಂದ. ನಿಮ್ಮ ಕರಡಿನ ತುಂಬ ಇಂಥವೇ ದೃಶ್ಯಗಳಿವೆ, ಒಂದನ್ನು ಇನ್ನೊಂದು ಮೀರಿಸುತ್ತ ಹೋಗುತ್ತದೆ. ಆದರೆ ಆ ನಗು ಪೀಪ್ಲಿಯಲ್ಲಿ ನಿಲ್ಲುವುದು ಬೇರೆಯದೊಂದು ಆಧಾರದ ಮೇಲೆ. ನತ್ಥಾ ಸಾಯಲು ಮನಸ್ಸಿಲ್ಲದ ಮನುಷ್ಯ. ಹೆದರುತ್ತಾನೆ, ಮಾತು ನುಂಗುತ್ತಾನೆ, ಮೂಲೆಯಲ್ಲಿ ಮುದುಡಿ ಕೂರುತ್ತಾನೆ. ಅವನ ಹೆಂಡತಿ ಧನಿಯಾ ಜಗಳಗಂಟಿ, ಮೈದುನ ಭಾವ ಎಂದು ನೋಡದೆ ತಿರುಗಿ ಬೀಳುವವಳು. ಮುದಿ ತಾಯಿ ಮಂಚದ ಮೇಲಿಂದಲೇ ಸೊಸೆಯನ್ನು ಬೈಯುತ್ತಾಳೆ. ಕ್ಯಾಮೆರಾ ಬಂದರೂ ಆಕೆಯ ಬಾಯಿ ಬದಲಾಗುವುದಿಲ್ಲ. ರಂಗನಿರ್ದೇಶಕ ಹಬೀಬ್ ತನ್ವೀರ್ ಅವರ ನಾಟಕ ತಂಡ ನಯಾ ಥಿಯೇಟರ್‌ನಲ್ಲಿ ಪಳಗಿದ ನಟರು ಈ ಚಿತ್ರದಲ್ಲಿದ್ದಾರೆ, ನತ್ಥಾನ ಪಾತ್ರ ಮಾಡಿದ ಓಂಕಾರ್ ದಾಸ್ ಮಾಣಿಕ್‌ಪುರಿಯೂ ಅವರಲ್ಲೊಬ್ಬರು. ಆ ಮನೆಯೊಳಗೆ ಒಂದು ಬದುಕು ಮೊದಲಿನಿಂದಲೂ ನಡೆಯುತ್ತಿತ್ತೆಂಬ ನಂಬಿಕೆ ನಮಗೆ ಹುಟ್ಟುವುದರಿಂದಲೇ ಹೊರಗಿನವರ ಗದ್ದಲ ಹಾಸ್ಯಾಸ್ಪದವಾಗುತ್ತದೆ. ಮನೆ ಖಾಲಿಯಾಗಿದ್ದರೆ ಗದ್ದಲವಷ್ಟೇ ಉಳಿಯುತ್ತದೆ. ನಿಮ್ಮ ಕರಡಿನಲ್ಲಿ ಈಗ ಮನೆ ಖಾಲಿಯಾಗಿದೆ.

ಆ ಚಿತ್ರದಲ್ಲಿ ನನ್ನನ್ನು ಇಂದಿಗೂ ಬಿಡದ ಪಾತ್ರ ನತ್ಥಾ ಅಲ್ಲ, ಹೋರಿ ಮಹತೋ. ಮೂಳೆ ಚಕ್ಕಳವಾದ ಆ ಮನುಷ್ಯ ಒಂದೂ ಮಾತಾಡದೆ ಬಂಜರು ನೆಲದಲ್ಲಿ ಗುಂಡಿ ತೋಡುತ್ತ, ಆ ಮಣ್ಣನ್ನು ಮಾರಿ ಬದುಕುತ್ತಿರುತ್ತಾನೆ. ಹಿಂದಿಯ ಪ್ರೇಮಚಂದರು 1936ರ ‘ಗೋದಾನ’ ಕಾದಂಬರಿಯಲ್ಲಿ ತಮ್ಮ ರೈತನಿಗೆ ಇಟ್ಟ ಹೆಸರೂ ಹೋರಿ ಮಹತೋ, ಅವನ ಹೆಂಡತಿಯ ಹೆಸರು ಧನಿಯಾ. ಊರಿಡೀ ನತ್ಥಾನ ಸಾವಿಗಾಗಿ ಕಾಯುತ್ತಿರುವಾಗ ಹೋರಿ ತಾನು ತೋಡಿದ ಗುಂಡಿಯಲ್ಲೇ ಸತ್ತು ಬಿದ್ದಿರುತ್ತಾನೆ. ಒಂದೇ ಒಂದು ಕ್ಯಾಮೆರಾ ಅತ್ತ ತಿರುಗುವುದಿಲ್ಲ. ರಾಕೇಶ್ ಅದನ್ನು ಕಂಡು ಕಲಕಿಹೋಗಿ ದೆಹಲಿಯ ವರದಿಗಾರ್ತಿಯ ಮುಂದೆ ಆ ಮಾತನ್ನೆತ್ತುತ್ತಾನೆ. ಆಕೆಗೆ ನತ್ಥಾನ ಕಥೆಯೇ ಕಥೆ. ಈ ದೃಶ್ಯಗಳಲ್ಲಿ ನಗುವಿಲ್ಲ. ಇವುಗಳಿಗೆ ಸಿಕ್ಕ ಕಾಲವೂ ಬಹಳ ಕಡಿಮೆ. ಆದರೂ ಇವು ಇಲ್ಲದಿದ್ದರೆ ಪೀಪ್ಲಿ ಟಿವಿಯವರನ್ನು ಅಣಕಿಸುವ ಪ್ರಹಸನವಾಗಿ ಮುಗಿದುಹೋಗುತ್ತಿತ್ತು. ಕ್ಯಾಮೆರಾ ಏನನ್ನು ತೋರಿಸಿತು ಎಂಬುದನ್ನು ವಾಹಿನಿಯೇ ದಿನವಿಡೀ ಹೇಳುತ್ತದೆ. ಕ್ಯಾಮೆರಾ ಯಾರಿಗೆ ಬೆನ್ನು ಹಾಕಿ ನಿಂತಿತ್ತು ಎಂಬುದನ್ನು ಬರಹಗಾರನಲ್ಲದೆ ಇನ್ನು ಯಾರು ಹೇಳಬೇಕು? ನಿಮ್ಮ ಹಳ್ಳಿಯಲ್ಲಿ ಹೋರಿ ಯಾರು ಎಂದು ಯೋಚಿಸಿ. ಅವನು ರೈತನೇ ಆಗಬೇಕಿಲ್ಲ. ಪಕ್ಕದ ಮನೆಯ ಬಾಣಂತಿ ಇರಬಹುದು, ವಾಹಿನಿಯವರಿಗೆ ಮೂರು ದಿನ ಊಟ ಬೇಯಿಸಿ ಹಣ ಸಿಗದೆ ಹೋದ ಹೋಟೆಲಿನವನಿರಬಹುದು.

ಇನ್ನೊಂದು ಚಿತ್ರವನ್ನೂ ನೋಡಿ. ಅದರ ವಯಸ್ಸು ನನಗಿಂತ ಹೆಚ್ಚು: ಬಿಲ್ಲಿ ವೈಲ್ಡರ್ 1951ರಲ್ಲಿ ಮಾಡಿದ ‘ಏಸ್ ಇನ್ ದಿ ಹೋಲ್’. ದೊಡ್ಡ ಪತ್ರಿಕೆಗಳಿಂದ ಹೊರದೂಡಲ್ಪಟ್ಟು ನ್ಯೂ ಮೆಕ್ಸಿಕೋದ ಸಣ್ಣ ಪತ್ರಿಕೆಯೊಂದರಲ್ಲಿ ಕೊಳೆಯುತ್ತಿರುವ ಚಕ್ ಟೇಟಮ್ ಎಂಬ ವರದಿಗಾರನಿಗೆ ಗುಹೆ ಕುಸಿದು ಒಳಗೆ ಸಿಕ್ಕಿಕೊಂಡ ಮನುಷ್ಯನೊಬ್ಬ ಸಿಗುತ್ತಾನೆ. ಗೋಡೆಗಳಿಗೆ ಆಸರೆ ಕೊಟ್ಟು ಒಂದು ದಿನದೊಳಗೆ ಅವನನ್ನು ಹೊರತರಬಹುದಿತ್ತು. ಸುದ್ದಿ ಹೆಚ್ಚು ದಿನ ಬಾಳಲೆಂದು ಟೇಟಮ್ ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್‌ನನ್ನು ಒಳಹಾಕಿಕೊಂಡು, ಬೆಟ್ಟದ ನೆತ್ತಿಯಿಂದ ಕೊರೆಯುವ ದೀರ್ಘ ದಾರಿಯನ್ನು ಆರಿಸುವಂತೆ ಮಾಡುತ್ತಾನೆ. ಬೆಟ್ಟದ ಬುಡದಲ್ಲಿ ಜಾತ್ರೆ ಕೂಡುತ್ತದೆ, ದೈತ್ಯ ಚಕ್ರ ಬಂದು ನಿಲ್ಲುತ್ತದೆ, ಮೊದಲು ಬಿಟ್ಟಿಯಾಗಿದ್ದ ಪ್ರವೇಶಕ್ಕೆ ದರ ನಿಗದಿಯಾಗಿ, ಅದು ಏರುತ್ತ ಹೋಗುತ್ತದೆ. ಒಳಗಿದ್ದವನು ಸಾಯುತ್ತಾನೆ. ಆ ಕಾಲದ ಅಮೆರಿಕದ ಪ್ರೇಕ್ಷಕರು ಚಿತ್ರವನ್ನು ಒಪ್ಪಲಿಲ್ಲ. ತಮ್ಮನ್ನೇ ಜಾತ್ರೆಯ ಜನವಾಗಿ ತೋರಿಸಿದ್ದನ್ನು ಒಪ್ಪುವುದು ಕಷ್ಟ.

ಇದರ ಹಿಂದಿನ ನಿಜ ಘಟನೆ ನಿಮಗೆ ಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. 1925ರ ಜನವರಿ 30ರಂದು ಅಮೆರಿಕದ ಕೆಂಟಕಿಯ ಸ್ಯಾಂಡ್ ಕೇವ್ ಎಂಬಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬ ಗುಹಾಶೋಧಕನ ಕಾಲು ಬಂಡೆಯೊಂದರ ಅಡಿ ಸಿಕ್ಕಿಕೊಂಡಿತು. ಹೊರಗೆ ಸಾವಿರಾರು ಜನ ಸೇರಿದರು, ತಿಂಡಿ ಮಾರುವವರು ಬಂದರು. ಫೆಬ್ರವರಿ 16ರಂದು ರಕ್ಷಣಾ ತಂಡ ಅವನನ್ನು ತಲುಪುವ ಹೊತ್ತಿಗೆ ಅವನ ಪ್ರಾಣ ಹೋಗಿತ್ತು. ಲೂಯಿವಿಲ್‌ನ ಪತ್ರಿಕೆಯೊಂದರ ಯುವ ವರದಿಗಾರ ವಿಲಿಯಂ ಮಿಲ್ಲರ್ ಮೈಕಟ್ಟು ಸಣ್ಣದಾಗಿದ್ದುದರಿಂದ ಆ ಕಿರಿದಾದ ಬಿಲದಲ್ಲಿ ತೆವಳಿಕೊಂಡು ಮತ್ತೆ ಮತ್ತೆ ಒಳಗೆ ಹೋದ. ಸಂದರ್ಶನ ಮಾಡಿದ, ನಿಜ. ಆದರೆ ಸಿಕ್ಕಿಬಿದ್ದವನಿಗೆ ಆಹಾರ ಒಯ್ದು ತಿನ್ನಿಸಿದವನೂ ಅವನೇ, ಜ್ಯಾಕ್ ಇಟ್ಟು ಆ ಬಂಡೆಯನ್ನೆತ್ತಲು ಹೆಣಗಿದವನೂ ಅವನೇ. 1926ರಲ್ಲಿ ಅವನಿಗೆ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. ಒಂದೇ ಸುದ್ದಿ, ಒಂದೇ ಬಿಲ. ಟೇಟಮ್‌ನಂಥವನನ್ನು ಕಲ್ಪಿಸಲು ಅವಕಾಶ ಕೊಟ್ಟದ್ದೂ ಅದೇ ಘಟನೆ, ಮಿಲ್ಲರ್‌ನಂಥವನು ಹುಟ್ಟಿದ್ದೂ ಅಲ್ಲಿಯೇ. ನಿಮ್ಮ ವರದಿಗಾರನಲ್ಲಿ ಈ ಮಿಲ್ಲರ್‌ನ ಒಂದು ಹನಿಯೂ ಇಲ್ಲ. ಅವನು ಮೊದಲ ದೃಶ್ಯದಿಂದಲೇ ಕೇಡಿಗ. ಮನುಷ್ಯ ಹಾಗೆ ಕೆಡುವುದಿಲ್ಲ.

ಅವನು ಕೆಡುವ ಬಗೆಯನ್ನು ಹತ್ತಿರದಿಂದ ನೋಡಿ. ತಾಲ್ಲೂಕು ಕೇಂದ್ರದಿಂದ ಸುದ್ದಿ ಕಳಿಸುವ ಸ್ಟ್ರಿಂಗರ್‌ಗೆ ಎಷ್ಟೋ ಕಡೆ ಸಂಬಳವಿಲ್ಲ, ಸುದ್ದಿಗಿಷ್ಟು ಎಂದು ಹಣ. ಬೈಕಿನ ಪೆಟ್ರೋಲು ಅವನದೇ. ಬೆಳಗ್ಗೆ ಸುದ್ದಿಮನೆಯ ಡೆಸ್ಕ್‌ನಿಂದ ಕರೆ ಬರುತ್ತದೆ: ‘ಬೇರೆಯವರಲ್ಲಿ ಓಡ್ತಾ ಇದೆ, ನಮ್ಮಲ್ಲಿ ಯಾಕಿಲ್ಲ? ವಿಷುವಲ್ಸ್ ಎಲ್ಲಿ? ಹೆಂಡ್ತಿ ಬೈಟ್ ಬೇಕು, ಅಳ್ತಿರೋದು ಇರ್ಲಿ.’ ಆ ಡೆಸ್ಕಿನವನ ಮೇಲೆ ಗುರುವಾರ ಬರುವ ರೇಟಿಂಗ್ ಅಂಕಿಯ ಭಾರವಿದೆ, ಅವನ ಮೇಲಿನವನ ತಲೆಯಲ್ಲಿ ಜಾಹೀರಾತಿನ ಲೆಕ್ಕವಿದೆ. ಪ್ರತಿಯೊಬ್ಬನೂ ತನ್ನ ಮೇಲಿನವನ ಅಗತ್ಯವನ್ನು ಪೂರೈಸುತ್ತಿದ್ದಾನೆ ಅಷ್ಟೇ, ಆದರೆ ಸರಪಣಿಯ ಕೊನೆಯಲ್ಲಿ ಒಬ್ಬ ಹೆಂಗಸು ಮೈಕಿನ ಮುಂದೆ ಎರಡನೆಯ ಸಲ ಅಳಬೇಕಾಗುತ್ತದೆ. ಪೀಪ್ಲಿಯ ರಾಕೇಶನ ಪಾಡೂ ಇದೇ. ಸುದ್ದಿ ಹುಟ್ಟಿಸಿದವನು ಅವನು, ಆ ಗದ್ದಲದ ಬೆಂಕಿಯಲ್ಲಿ ಸುಟ್ಟುಹೋಗುವವನೂ ಅವನೇ, ಮತ್ತು ಆ ಹೆಣ ನತ್ಥಾನದೆಂದೇ ಎಲ್ಲರೂ ನಂಬುತ್ತಾರೆ. ಅವನಿಗಾಗಿ ಯಾವ ವಾಹಿನಿಯೂ ಒಂದು ಸಾಲು ಓದುವುದಿಲ್ಲ.

ನನ್ನದೊಂದು ಮಾತನ್ನು ಇಲ್ಲಿ ಹೇಳಬೇಕು, ಅದನ್ನು ಹೇಳದೆ ನಿಮಗೆ ಸಲಹೆ ಕೊಡುವ ಹಕ್ಕು ನನಗಿಲ್ಲ. ಬರವಣಿಗೆಯಲ್ಲಿ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ನಾನು ಕೆಲವು ವರ್ಷ ಜಿಲ್ಲಾ ವರದಿಗಾರನಾಗಿದ್ದೆ. ಒಂದು ಮನೆಯಲ್ಲಿ ಸಾವಾಗಿ ಎರಡನೆಯ ದಿನ. ಅಂಗಳದಲ್ಲಿ ಒಣಗಲು ಹಾಕಿದ್ದ ರಾಗಿಯನ್ನು ಯಾರೂ ಒಳಗೆ ತೆಗೆದಿರಲಿಲ್ಲ, ಕೋಳಿಗಳು ಕೆದಕುತ್ತಿದ್ದವು. ಹೋದವನ ಮದುವೆಯ ಫೋಟೋವನ್ನು ಚೌಕಟ್ಟಿನ ಸಮೇತ ಹಿಡಿದುಕೊಂಡು ನಿಲ್ಲುವಂತೆ ಆ ತಾಯಿಯನ್ನು ಕೇಳಿದೆ. ಗಾಜಿನ ಮೇಲೆ ಬಿಸಿಲು ಹೊಳೆದು ಮುಖ ಕಾಣುತ್ತಿರಲಿಲ್ಲ. ‘ಸ್ವಲ್ಪ ಓರೆ ಮಾಡಿ ಅಮ್ಮ’ ಎಂದೆ. ಆಕೆ ಓರೆ ಮಾಡಿದರು. ಇನ್ನೂ ಹೊಳೆಯುತ್ತಿತ್ತು. ಆಗ ಆಕೆಯೇ ಸೆರಗಿನಿಂದ ಗಾಜನ್ನು ಒರೆಸಿ, ಚೌಕಟ್ಟನ್ನು ಇನ್ನಷ್ಟು ಬಾಗಿಸಿ, ‘ಹಿಂಗೆ ಸಾಕೇನಪ್ಪ?’ ಎಂದು ಕೇಳಿದರು. ಸಾಕು ಎಂದೆ. ಚಿತ್ರ ಚೆನ್ನಾಗಿ ಬಂತು, ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು. ಆಕೆಗೆ ನನ್ನ ಕೆಲಸ ಸರಿಯಾಗಿ ಆಗಲೆಂಬ ಕಾಳಜಿಯಿತ್ತು, ನನಗೆ ಆಕೆಯ ರಾಗಿಯನ್ನು ಕೋಳಿ ತಿನ್ನುತ್ತಿದೆ ಎಂದು ಹೇಳುವಷ್ಟೂ ಇರಲಿಲ್ಲ. ಆ ಮನೆಗೆ ನಾನು ಮತ್ತೆ ಹೋಗಲಿಲ್ಲ.

ಆದ್ದರಿಂದ ಮಿತ್ರರೇ, ನೀವೂ ನಾನೂ ಆ ಮನೆಯಿಂದ ಏನನ್ನೋ ಎತ್ತಿಕೊಂಡು ಬರುವವರೇ. ವಾಹಿನಿಯವನು ಅದನ್ನು ಗಂಟೆಯೊಳಗೆ ಮಾರುತ್ತಾನೆ, ನಾವು ಎರಡು ವರ್ಷ ತೆಗೆದುಕೊಂಡು ಚಿತ್ರೋತ್ಸವಕ್ಕೆ ಒಯ್ಯುತ್ತೇವೆ. ಆ ಎರಡು ವರ್ಷವನ್ನು ನಾವು ಹೇಗೆ ಕಳೆದೆವು ಎಂಬುದರಲ್ಲಿ ಮಾತ್ರ ವ್ಯತ್ಯಾಸವಿರಲು ಸಾಧ್ಯ. ನೀವು ಅದನ್ನು ಆ ಮನೆಯ ವ್ಯವಹಾರ ತಿಳಿಯಲು ಕಳೆಯಬೇಕೆಂದು ನನ್ನ ಒತ್ತಾಯ. ಪರಿಹಾರದ ಸಂಗತಿಯನ್ನೇ ತೆಗೆದುಕೊಳ್ಳಿ. ನಿಮ್ಮ ಕರಡಿನಲ್ಲಿ ಮಂತ್ರಿ ಬಂದು ಚೆಕ್ ಕೊಟ್ಟು ಹೋಗುತ್ತಾನೆ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಕರ್ನಾಟಕದಲ್ಲಿ ಈಗ ಆ ಮೊತ್ತ 5 ಲಕ್ಷ ರೂಪಾಯಿ, ಆದರೆ ಅದು ಮಂಜೂರಾಗುವ ಮೊದಲು ಎಫ್‌ಐಆರ್ ಬೇಕು, ಮರಣೋತ್ತರ ಪರೀಕ್ಷೆಯ ವರದಿ ಬೇಕು, ಪಹಣಿ ಬೇಕು, ಸಾಲದ ದಾಖಲೆ ಬೇಕು. ಉಪವಿಭಾಗಾಧಿಕಾರಿಯ ನೇತೃತ್ವದ ಸಮಿತಿ ಕೂತು, ಸತ್ತದ್ದು ಬೇಸಾಯದ ಸಾಲಕ್ಕಾಗಿಯೇ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕು. ಪಹಣಿ ಇನ್ನೂ ಸತ್ತ ತಾತನ ಹೆಸರಿನಲ್ಲಿದ್ದರೆ? ಸಾಲ ಬ್ಯಾಂಕಿನದಲ್ಲದೆ ಬಾಯಿಮಾತಿನ ಮೇಲೆ ಕೈಸಾಲ ತಂದದ್ದಾಗಿದ್ದರೆ? ಗುತ್ತಿಗೆಗೆ ಹೊಲ ಮಾಡಿದವನಾಗಿದ್ದರೆ? ಬದುಕಿದ್ದಾಗ ಸಾಲಗಾರನೆಂದು ಮುಖ ಮುಚ್ಚಿಕೊಂಡು ಓಡಾಡಿದವನ ಹೆಂಡತಿ, ಗಂಡ ನಿಜಕ್ಕೂ ಸಾಲಗಾರನೇ ಆಗಿದ್ದನೆಂದು ಕಚೇರಿಯಿಂದ ಕಚೇರಿಗೆ ಅಲೆದು ಸಾಧಿಸಬೇಕು. ಕರಾಳ ಹಾಸ್ಯ ಬೇಕೆಂದು ನೀವು ಸ್ಟುಡಿಯೋದಲ್ಲಿ ಹುಡುಕುತ್ತಿದ್ದೀರಿ, ಅದು ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಆ ಹೆಂಗಸಿನ ಪಕ್ಕದಲ್ಲೇ ಕೂತಿದೆ. ಪೀಪ್ಲಿಯ ಕೊನೆಯಲ್ಲೂ ಸಾವು ಆಕಸ್ಮಿಕವೆಂದು ದಾಖಲಾಗುವುದರಿಂದ ಆ ಮನೆಗೆ ಪರಿಹಾರ ಸಿಗುವುದಿಲ್ಲ. ಇತ್ತ ನತ್ಥಾ ಗುರುಗ್ರಾಮದ ಕಟ್ಟಡವೊಂದರ ಕೆಲಸದಲ್ಲಿ, ಧೂಳು ಮೆತ್ತಿದ ಮುಖದಲ್ಲಿ, ಯಾರಿಗೂ ಗುರುತು ಸಿಗದ ಕೂಲಿಯಾಗಿ ಕೂತಿರುತ್ತಾನೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಹಳ್ಳಿಯವರು ಎಲ್ಲರೂ ಒಂದೇ ಕನ್ನಡ ಆಡುತ್ತಾರೆ, ಅದನ್ನು ಸರಿಪಡಿಸಿ. ಕ್ಯಾಮೆರಾದ ಮುಂದೆ ಅವರು ಆಡುವ ಮಾತು ಬೇರೆಯಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ: ಮೈಕು ಬಂದೊಡನೆ ‘ಗಂಡ’ ಹೋಗಿ ‘ಯಜಮಾನರು’ ಬರುತ್ತಾರೆ, ‘ನಮ್ಗೆ ಯಾರೂ ಇಲ್ಲ’ ಹೋಗಿ ‘ಸರ್ಕಾರ ನಮಗೆ ನ್ಯಾಯ ಕೊಡಿಸಬೇಕು’ ಬರುತ್ತದೆ. ಯಾರೋ ಹೇಳಿಕೊಟ್ಟಿರುತ್ತಾರೆ, ಅಥವಾ ಟಿವಿ ನೋಡಿಯೇ ಕಲಿತಿರುತ್ತಾರೆ. ಆ ಎರಡು ಮಾತುಗಳ ನಡುವಿನ ಮೌನ ನಿಮ್ಮ ನಟಿಗೆ ಸಿಗುವಂತೆ ಬರೆಯಿರಿ.

ಇನ್ನು ಐವತ್ತೆಂಟನೆಯ ಪುಟ. ಮೂರನೆಯ ದಿನ ಬೇರೆಲ್ಲೋ ದೊಡ್ಡ ಸುದ್ದಿಯಾಗಿ ಓಬಿ ವ್ಯಾನು ಹೊರಡುತ್ತದೆ, ನೀವು ಅದರ ಜೊತೆಗೇ ಹೊರಟು ಸ್ಟುಡಿಯೋಗೆ ಬಂದುಬಿಟ್ಟಿದ್ದೀರಿ. ಹೋಗಬೇಡಿ. ವ್ಯಾನು ಹೋಗಲಿ, ನೀವು ಅಂಗಳದಲ್ಲೇ ಇರಿ. ಕೇಬಲ್ ಎಳೆದ ಗೆರೆಗಳು ಮಣ್ಣಿನಲ್ಲಿವೆ, ಖಾಲಿ ನೀರಿನ ಬಾಟಲಿಗಳು ತಿಪ್ಪೆಯ ಪಕ್ಕ ಬಿದ್ದಿವೆ, ಲೈಟು ಸಿಕ್ಕಿಸಲು ತೆಗೆದ ಬಾಗಿಲ ಪರದೆಯನ್ನು ಯಾರೂ ಮತ್ತೆ ಕಟ್ಟಿಲ್ಲ. ಹೊತ್ತು ಇಳಿಯುತ್ತಿದೆ, ಹಸು ಕರೆಯಬೇಕು. ಆಕೆ ಎದ್ದು ಮೊದಲು ಏನು ಮಾಡುತ್ತಾಳೆ, ಮಗಳನ್ನು ಯಾವ ಹೆಸರಿನಿಂದ ಕರೆಯುತ್ತಾಳೆ, ಬೇಲಿಯಾಚೆಯಿಂದ ಆಕೆಯನ್ನು ಪಕ್ಕದ ಮನೆಯವರು ಯಾವ ಹೆಸರಿನಿಂದ ಕೂಗುತ್ತಾರೆ ಎಂದು ಕತ್ತಲಾಗುವವರೆಗೆ ನೋಡಿ, ನಾಲ್ಕು ಪುಟ ಬರೆದು ಕಳಿಸಿ. ಉಳಿದ ಅರವತ್ತು ಪುಟಗಳ ಮಾತು ಅದನ್ನು ಓದಿದ ಮೇಲೆ ಆಡೋಣ.

ನಿಮ್ಮ ಹಿತೈಷಿ