ಬರೀ ಸಂಗೀತ ಕಛೇರಿಯನ್ನೇ ನೋಡಬೇಡ, ಪುಟ್ಟಿ

ಚಾಮರಾಜಪೇಟೆ, ಬೆಂಗಳೂರು

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಪಿಯುಸಿ ಆಯಿತು, ಇನ್ನು ಸಂಗೀತದಲ್ಲೇ ಡಿಗ್ರಿ ಮಾಡ್ತೀನಿ ಅಂತ ನೀನು ಹಠ ಹಿಡಿದಿದ್ದೀಯಂತೆ. ನಿಮ್ಮಪ್ಪ ಬಿ.ಕಾಂ. ಅರ್ಜಿ ತಂದಿಟ್ಟುಕೊಂಡು ಕೂತಿದ್ದಾನಂತೆ. ಅವನು ನನ್ನ ತಮ್ಮ, ಅವನ ಹತ್ತಿರ ಫೋನಿನಲ್ಲಿ ಮಾತಾಡಿಕೊಳ್ಳುತ್ತೇನೆ. ನಿನಗೆ ಮಾತ್ರ ಕಾಗದ. ಫೋನಿನಲ್ಲಾದರೆ "ಹೂಂ ಅತ್ತೆ, ಹೂಂ ಅತ್ತೆ" ಅಂತ ಅರ್ಧಕ್ಕೇ ಮುಗಿಸಿಬಿಡುತ್ತೀಯ.

ಮೊದಲೇ ಹೇಳಿಬಿಡುತ್ತೇನೆ, ಸೇರು. ಆದರೆ ವೇದಿಕೆ ಮೇಲೆ ಮಧ್ಯದಲ್ಲಿ ಕೂತು ಹಾಡಬೇಕು ಅನ್ನುವ ಒಂದೇ ಆಸೆಗೆ ಸೇರಬೇಡ. ಆ ಜಾಗ ಬಹಳ ಚಿಕ್ಕದು, ಅಲ್ಲಿಗೆ ಡಿಗ್ರಿಯನ್ನು ಯಾರೂ ಕೇಳುವುದೂ ಇಲ್ಲ. ಆ ಜಾಗದ ಸುತ್ತಮುತ್ತ ಸಂಗೀತ ನಂಬಿಕೊಂಡೇ ಸಂಸಾರ ನಡೆಸುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನೀನು ಓದುವ ಓದು ಉಪಯೋಗಕ್ಕೆ ಬರುವುದು ಅಲ್ಲಿ.

ಕಾಲೇಜಿನ ವಿಷಯ. ಬಿ.ಎ.ಯಲ್ಲಾದರೆ ಸಂಗೀತದ ಜೊತೆ ಬೇರೆ ವಿಷಯಗಳೂ ಇರುತ್ತವೆ. ಬಿ.ಪಿ.ಎ. ಅಂದರೆ ಪೂರ್ತಿ ಪ್ರದರ್ಶನ ಕಲೆಯ ಪದವಿ, ಇಲ್ಲಿ ರೇವಾ ವಿಶ್ವವಿದ್ಯಾಲಯದಂಥ ಖಾಸಗಿ ಕಡೆ ಸಿಗುತ್ತದೆ. ಮುಂದೆ ಎಂ.ಎ. ಮಟ್ಟಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ ಇದೆ. ಮೈಸೂರಿನಲ್ಲಂತೂ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಖಾಸಗಿ ಕಡೆ ಫೀಸು ಜಾಸ್ತಿ. ಸಾಲ ಮಾಡಿ ಸೇರುವುದಾದರೆ ಬೇಡ. ಈ ಕೆಲಸದಲ್ಲಿ ಮೊದಲ ಐದಾರು ವರ್ಷ ಕೈಗೆ ಬರುವ ದುಡ್ಡಿನಲ್ಲಿ ಕಂತು ಕಟ್ಟುವುದು ಕಷ್ಟ.

ಕಾಲೇಜು ಕೊಡುವುದು ಏನು ಗೊತ್ತಾ? ನೀನು ಸಂಗೀತದ ಸೀನಿಯರ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಯಲ್ಲ, ಅದರ ಹಿಂದಿನ ಕಾರಣ. ಬೇರೆ ರಾಗಗಳಿಗೆಲ್ಲ ತಾಯಿಯಾದ ಮೇಳಕರ್ತ ರಾಗಗಳು 72 ಯಾಕೆ, ಮಧ್ಯಮ ಸ್ವರದ ಎರಡು ಬಗೆಯಲ್ಲಿ ಶುದ್ಧ ಮಧ್ಯಮಕ್ಕೆ 36, ಪ್ರತಿ ಮಧ್ಯಮಕ್ಕೆ 36 ಹೇಗೆ ಬಂತು, ಅಷ್ಟನ್ನು ಹಿಂದಿನ ಸಂಗೀತ ಶಾಸ್ತ್ರಕಾರ ವೆಂಕಟಮಖಿ ಲೆಕ್ಕ ಹಾಕಿದ ಕಾಲದಲ್ಲಿ ಅದರಲ್ಲಿ ಎಷ್ಟೋ ರಾಗಗಳನ್ನು ಯಾರೂ ಹಾಡುತ್ತಲೇ ಇರಲಿಲ್ಲ ಅನ್ನುವುದು, ಇಂಥವೆಲ್ಲ. ಜೊತೆಗೆ ಹಿಂದೂಸ್ತಾನಿ, ಜಾನಪದ, ಸ್ವರ ಹಾಕಿ ಬರೆಯುವುದು. ನಾಳೆ ನಿನ್ನ ಎದುರು ಕೂತ ಹುಡುಗ "ಯಾಕೆ ಮಿಸ್?" ಅಂದಾಗ ಉತ್ತರ ಇರುತ್ತದೆ.

ಆದರೆ ಇಪ್ಪತ್ತು ಮೂವತ್ತು ಜನರ ಕ್ಲಾಸಿನಲ್ಲಿ ನಿನ್ನ ಗಾಂಧಾರ ಒಂದು ಎಳೆ ಕೆಳಗಿದೆ ಅಂತ ಹೇಳುವವರು ಯಾರು? ಅದಕ್ಕೆ ಗುರುಗಳೇ ಬೇಕು. ಡಿಗ್ರಿಗೆ ಸೇರಿದೆ ಅಂತ ಪಾಠ ಬಿಟ್ಟವರ ಗಂಟಲು ಮೂರು ವರ್ಷಕ್ಕೆ ಎಲ್ಲಿಗೆ ಬಂತು ಅಂತ ನಾನು ನೋಡಿದ್ದೇನೆ. ಹೆಸರು ಬೇಡ ಬಿಡು.

ಈಗ ದುಡಿಮೆಯ ಮಾತು. ನನ್ನ ಮನೆ ನಡೆದಿದ್ದೇ ಪಿಟೀಲು ಪಕ್ಕವಾದ್ಯದಿಂದ, ಅದರಲ್ಲೂ ನೃತ್ಯಕ್ಕೆ ನುಡಿಸಿದ್ದರಿಂದ. ಬೆಂಗಳೂರಿನಲ್ಲಿ ಭರತನಾಟ್ಯ ಕಲಿಯುವ ಮಕ್ಕಳಿಗೆ ಲೆಕ್ಕ ಇಲ್ಲ. ಒಂದೊಂದು ರಂಗಪ್ರವೇಶಕ್ಕೂ, ಅಂದರೆ ಕಲಿತವರ ಮೊದಲ ಪೂರ್ಣ ಪ್ರದರ್ಶನಕ್ಕೂ, ಹಾಡುವವರು, ಮೃದಂಗ, ಕೊಳಲು, ಪಿಟೀಲು ಬೇಕು. ಕಾರ್ಯಕ್ರಮದ ಜೊತೆ ರಿಹರ್ಸಲ್‌ಗಳಿಗೂ ಸಂಭಾವನೆ ಇರುತ್ತದೆ. ಇದು ಎರಡನೇ ದರ್ಜೆ ಕೆಲಸ ಅಂತ ಮೂಗು ಮುರಿಯುವ ಸಂಗೀತಗಾರರಿದ್ದಾರೆ. ಅವರನ್ನು ಪದವರ್ಣ ಅನ್ನುವ ಭರತನಾಟ್ಯದ ಉದ್ದನೆಯ ಭಾಗಕ್ಕೆ ಕೂರಿಸಿ ನೋಡಬೇಕು. ಅರ್ಧ ಗಂಟೆ ಮೀರುತ್ತದೆ. ಒಂದೇ ಸಾಲನ್ನು ಹತ್ತಾರು ಸಲ ಹಾಡಬೇಕು, ಪ್ರತಿ ಸಲವೂ ಹುಡುಗಿಯ ಮುಖದ ಮೇಲಿನ ಭಾವಕ್ಕೆ ತಕ್ಕ ಹಾಗೆ ಬೇರೆ ಥರ. ಕಣ್ಣು ಅವಳ ಮೇಲೆ, ಕಿವಿ ನೃತ್ಯ ಗುರುಗಳು ತಟ್ಟುವ ನಟ್ಟುವಾಂಗದ ತಾಳದ ಮೇಲೆ. ಅವಳು ಗಾಬರಿಯಲ್ಲಿ ತಾಳದ ಒಂದು ಆವರ್ತ ನುಂಗಿದರೆ ನೀನೂ ನುಂಗಬೇಕು, ಸಭೆಗೆ ಗೊತ್ತಾಗಬಾರದು. ನಿನ್ನ ತಾಳ ಗಟ್ಟಿ ಇದೆ, ಸಾಹಿತ್ಯ ಸ್ಪಷ್ಟ. ಇದಕ್ಕೆ ನೀನು ಹೇಳಿ ಮಾಡಿಸಿದ ಹಾಗಿದ್ದೀಯ.

ಸಂಭಾವನೆ ಮಾತ್ರ ಮುಂಚೆಯೇ ಮಾತಾಡಿಕೋ. ಒಂದು ಸಂಗೀತ ಸಭೆಯವರು ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಆಟೋ ದುಡ್ಡೂ ಕೊಡದೆ ಕಳಿಸಿದ್ದರು. ಸೇಬು ಚೆನ್ನಾಗಿದ್ದವು.

ಪಾಠ ಹೇಳುವುದು ಇನ್ನೊಂದು. ಈಗ ಅರ್ಧಕ್ಕರ್ಧ ಆನ್‌ಲೈನ್. ಅಮೆರಿಕದ ನಮ್ಮವರ ಮಕ್ಕಳಿಗೆ ಸಂಜೆ ಅಂದರೆ ನಮಗೆ ಬೆಳಗಿನ ಜಾವ. ನಮ್ಮ ಬೀದಿಯಲ್ಲೇ ಕಾಫಿಗೆ ಮೊದಲು ಲ್ಯಾಪ್‌ಟಾಪ್ ಮುಂದೆ ಸರಳೆ ವರಸೆ ಶುರು ಮಾಡುವ ಮನೆಗಳಿವೆ. ಅದಕ್ಕೆ ಡಿಗ್ರಿ ಬೇಕಾಗಿಲ್ಲ. ಶಾಲೆಗೆ ಬೇಕು. ಕೇಂದ್ರೀಯ ವಿದ್ಯಾಲಯದ ಸಂಗೀತ ಶಿಕ್ಷಕರಾಗಲು ಸಂಗೀತದ ಪದವಿ ಕೇಳುತ್ತಾರೆ. ದೊಡ್ಡ ಫೀಸಿನ ಶಾಲೆಗಳಲ್ಲಿ ಕೀಬೋರ್ಡ್, ಗುಂಪಿನಲ್ಲಿ ಹಾಡಿಸುವ ಕಾಯಿರ್ ಗೊತ್ತಿದ್ದವರಿಗೆ ಬೇಡಿಕೆ, ಪಾಶ್ಚಾತ್ಯ ಸಂಗೀತದ ಟ್ರಿನಿಟಿ ಗ್ರೇಡ್ ಪರೀಕ್ಷೆಗಳು ಅಲ್ಲಿ ನಡೆಯುತ್ತವೆ. ಮನಸ್ಸಿದ್ದರೆ ಎರಡು ಮೂರು ಗ್ರೇಡ್ ಮಾಡಿಕೋ, ಕರ್ನಾಟಕ ಸಂಗೀತ ಮೈಲಿಗೆ ಆಗುವುದಿಲ್ಲ.

ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದರೆ ಸಂಗೀತದ ವಿದ್ವತ್ ಪರೀಕ್ಷೆಯೊಂದೇ ಸಾಲದು. ಎಂ.ಎ.ಯಲ್ಲಿ 55% ಅಂಕ, ಆಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ಜೆ.ಆರ್.ಎಫ್. ಅನ್ನುವ ಸಂಶೋಧನಾ ವೇತನ ಬಂದರೆ ಪಿಎಚ್.ಡಿ. ಮಾಡುವಾಗ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಸಂಗೀತದವರು ಇದನ್ನು ಗಮನಿಸುವುದೇ ಕಡಿಮೆ. ಕಾಯಂ ಹುದ್ದೆಗಳು ಅಪರೂಪ, ಅತಿಥಿ ಉಪನ್ಯಾಸಕಿಯಾಗಿ ವರ್ಷಗಟ್ಟಲೆ ಕಾಯುವುದು ಸಾಮಾನ್ಯ. ಅದನ್ನೂ ತಿಳಿದುಕೊಂಡೇ ಹೋಗು.

ನಿಮ್ಮ ಹಾಸನ ಜಿಲ್ಲೆಯ ರುದ್ರಪಟ್ಟಣದ ಗಾಯಕ ಆರ್.ಕೆ. ಶ್ರೀಕಂಠನ್ ಅವರನ್ನು ನೆನೆಸಿಕೋ. ಬಿ.ಎ. ಓದಿ ಆಕಾಶವಾಣಿಯಲ್ಲಿ 3 ದಶಕ ನೌಕರಿ ಮಾಡಿದರು. ಜೊತೆಗೆ ಕಛೇರಿ, ಮನೆಯಲ್ಲಿ ಪಾಠ. ತೊಂಬತ್ತು ದಾಟಿದ ಮೇಲೂ ಹಾಡಿದರು, 2011ರಲ್ಲಿ ಪದ್ಮಭೂಷಣ ಬಂತು. ನೌಕರಿ ಹಿಡಿದರೆ ಕಲೆ ಕೆಡುತ್ತದೆ ಅನ್ನುವವರ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಈಗ ಆಕಾಶವಾಣಿಯಲ್ಲಿ ಅಂಥ ನೌಕರಿ ಸಿಗುವುದು ಕಷ್ಟ. ಆದರೆ ಆಡಿಷನ್ ಕೊಟ್ಟು ಬಿ ಗ್ರೇಡ್ ಆದರೂ ತೆಗೆದುಕೋ. ದುಡ್ಡಿಗಲ್ಲ, ಹೆಸರಿನ ಮುಂದೆ ಅದಿದ್ದರೆ ಸಭೆಯವರು ಫೋನ್ ಎತ್ತುತ್ತಾರೆ.

ಸ್ಟುಡಿಯೋ ಕಡೆಯೂ ದಾರಿ ಇದೆ. ದೊಡ್ಡ ಗಾಯಕರು ಹಾಡುವ ಮೊದಲು ಮಾದರಿಗೆ ಟ್ರ್ಯಾಕ್ ಹಾಡುವುದು, ಜಾಹೀರಾತು, ಧಾರಾವಾಹಿಗೆ ಹಿನ್ನೆಲೆ ಸಂಗೀತ. ಮೈಕಿನ ಆ ಕಡೆಯ ಕೆಲಸ ಇಷ್ಟವಾದರೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ, ಹುಡುಗಿಯರು ಆ ಕಡೆ ಹೋಗುವುದು ಕಡಿಮೆ, ಯಾಕೋ. ಏನೇ ಮಾಡು, ಸಹಿ ಹಾಕುವ ಮುಂಚೆ ಓದು. 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ರಾಗ ಹಾಕಿದವರ, ಹಾಡು ಬರೆದವರ ರಾಯಲ್ಟಿ ಹಕ್ಕನ್ನು ಸಿನಿಮಾದವರು ಸುಮ್ನೆ ಬರೆಸಿಕೊಳ್ಳುವ ಹಾಗಿಲ್ಲ. ಹಾಡುವವರಿಗೂ ರಾಯಲ್ಟಿ ಇದೆ. "ಫಾರ್ಮಾಲಿಟಿ ಅಷ್ಟೇ, ಸಹಿ ಹಾಕಮ್ಮ" ಅಂದರೆ ಕಾಗದ ಮನೆಗೆ ತಗೊಂಡು ಬಾ. ಇಂಥದ್ದಕ್ಕೆ ನಿಮ್ಮಪ್ಪನ ಲೆಕ್ಕಪತ್ರದ ಬುದ್ಧಿ ಬೇಕು, ಅದೂ ಅವನಿಗೆ ಖುಷಿಯೇ.

ಮ್ಯೂಸಿಕ್ ಥೆರಪಿ ಅಂತಲೂ ನೀನು ಬರೆದಿದ್ದೆಯಲ್ಲ. ಅದು ರೋಗಿಗಳ ಜೊತೆ ಮಾಡುವ ಕೆಲಸ, ಅದಕ್ಕೆ ಬೇರೆ ತರಬೇತಿಯೇ ಬೇಕು. ವಾರಾಂತ್ಯದ ಸರ್ಟಿಫಿಕೇಟ್ ನಂಬಬೇಡ.

ಇನ್ನೊಂದು, 18 ತುಂಬಿದ ಮೇಲೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕು. 25 ವರ್ಷದವರೆಗೂ ಅವಕಾಶ ಇದೆ. ತಿಂಗಳಿಗೆ 5,000 ರೂಪಾಯಿ, 2 ವರ್ಷ. ಗುರುಗಳ ಹತ್ತಿರ ಎಷ್ಟು ವರ್ಷ ಕಲಿತಿದ್ದೀಯ ಅಂತ ಬರೆಸಿಕೊಂಡು ಇಟ್ಟುಕೋ, ಕೇಳುತ್ತಾರೆ.

ಸೇರಿದ ಮೇಲೆ ನಮ್ಮ ಮನೆಯಲ್ಲೇ ಇರು, ಹಾಸ್ಟೆಲ್ ಯಾಕೆ? ಕೋಟೆ ಹೈಸ್ಕೂಲ್ ಮೈದಾನ ಇಲ್ಲೇ ಹತ್ತಿರ. 1939ರಿಂದ ನಡೆಯುತ್ತಿರುವ ರಾಮನವಮಿ ಸಂಗೀತೋತ್ಸವಕ್ಕೆ ನಡೆದುಕೊಂಡೇ ಹೋಗಬಹುದು. ಕಛೇರಿಗಳು ನಡೆಯುವ ಗಾಯನ ಸಮಾಜವೂ ದೂರ ಇಲ್ಲ. ಕಛೇರಿಗೆ ಹೋದರೆ ಹಾಡುವವರನ್ನಷ್ಟೇ ಕೇಳಬೇಡ. ಪಕ್ಕವಾದ್ಯದವರು ಏನು ಮಾಡುತ್ತಾರೆ ಅಂತ ನೋಡು, ಮೈಕ್ ಹಿಡಿದ ಹುಡುಗ ಯಾವಾಗ ಏನು ತಿರುಗಿಸಿದ ಅಂತಲೂ ನೋಡು.

ಅರ್ಜಿ ಹಾಕುವ ಮೊದಲು ಒಂದು ಸಲ ಬಾ. ಮುಂದಿನ ಶನಿವಾರ ಒಂದು ರಂಗಪ್ರವೇಶದ ರಿಹರ್ಸಲ್ ಇದೆ, ನನ್ನ ಪಕ್ಕ ಕೂತುಕೋ. ಹಾಡುವಾಕೆಗೆ ಹೇಳಿದ್ದೇನೆ, ತಿಲ್ಲಾನ ಹೊತ್ತಿಗೆ ನಿನಗೂ ದನಿ ಸೇರಿಸಲು ಬಿಡುತ್ತಾರೆ. ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋದಲ್ಲಿ ಮಾರ್ಕೆಟ್ ಸ್ಟೇಷನ್‌ಗೆ ಬಂದು ಫೋನ್ ಮಾಡು. ಶ್ರುತಿ ಪೆಟ್ಟಿಗೆ ತರಬೇಡ, ಇಲ್ಲಿದೆ. ನಿಮ್ಮಮ್ಮನ ಕೈಯಿಂದ ಒಂದಿಷ್ಟು ಹುರಿಹಿಟ್ಟು ಮಾತ್ರ ತಗೊಂಡು ಬಾ.

ಇಂತು,
ನಿನ್ನ ಅತ್ತೆ