ಸುರಂಗದ ನೀರಿಗೂ ಸರ್ಕಾರ ಉತ್ತರ ಹೇಳಬೇಕು

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಜೂನ್ 5ಕ್ಕೆ ನಮ್ಮೂರ ಶಾಲೆಯಲ್ಲಿ ಮಕ್ಕಳ ಕೈಗೆ ಗಿಡ ಕೊಡುತ್ತಾರೆ. ಈ ಸಲ ಮೊಮ್ಮಗಳು ನೇರಳೆ ಗಿಡ ತಂದಳು. ಅಂಗಳದ ಬದಿಯಲ್ಲಿ ಇಬ್ಬರೂ ಸೇರಿ ನೆಟ್ಟೆವು. ನೆಡುತ್ತಿದ್ದಾಗಲೇ ಮೇಲಿನ ಗುಡ್ಡೆಯಿಂದ ಮುರಕಲ್ಲು ಹೇರಿಕೊಂಡ ಲಾರಿ ಇಳಿದು ಹೋಯಿತು. "ಅಜ್ಜ, ಗುಡ್ಡೆಯನ್ನು ಯಾರು ನೆಡುತ್ತಾರೆ?" ಎಂದು ಕೇಳಿದಳು. ಆ ಪ್ರಶ್ನೆ ನನಗಲ್ಲ, ಸರ್ಕಾರಕ್ಕೆ ಎನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಬಾವಿಯಿಲ್ಲ, ಸುರಂಗವಿದೆ. ನನ್ನ ಅಜ್ಜನ ಕಾಲದಲ್ಲಿ ಪಿಕ್ಕಾಸಿನಿಂದ ಕೊರೆದದ್ದು. ಒಬ್ಬರು ತಲೆ ಬಗ್ಗಿಸಿ ಒಳಗೆ ಹೋಗಬಹುದು. ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಕೊನೆಯಲ್ಲಿ ಕಲ್ಲಿನ ಸಂದಿಯಿಂದ ಹನಿಯುವ ನೀರು ಪೈಪಿನಲ್ಲಿ ಹರಿದು ಟಾಂಕಿಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಮಳೆಗಾಲದಲ್ಲಿ ಗುಡ್ಡೆ ಕುಡಿದ ನೀರನ್ನು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಗಡಿ ಗ್ರಾಮಗಳಲ್ಲಿ ಎಷ್ಟೋ ಮನೆಗಳು ಹೀಗೇ ಬದುಕಿವೆ. ಹಿಂದೆ ಮೇ ಕೊನೆಯ ಪತ್ತನಾಜೆವರೆಗೂ ಧಾರಾಳ ನೀರಿತ್ತು. ಈಗ ಏಪ್ರಿಲ್ ನಡುವಿನ ವಿಷು ಬರುವ ಮೊದಲೇ ನೂಲಿನಷ್ಟಾಗುತ್ತದೆ.

ಪೂರಾ ತಪ್ಪು ಗುಡ್ಡೆ ಕೊಯ್ಯುವ ಕಲ್ಲುಕೋರೆಯದ್ದೇ ಎಂದು ನಾನು ಹೇಳುವುದಿಲ್ಲ. ಮಳೆ ಬರುವ ರೀತಿಯೇ ಬದಲಾಗಿದೆ. ಒಂದೇ ದಿನ ದಬದಬ ಸುರಿದು ಹೋಗುತ್ತದೆ, ಮಣ್ಣಿಗೆ ಕುಡಿಯಲು ಪುರುಸೊತ್ತಿಲ್ಲ. ಆಟಿ ತಿಂಗಳ ಮಳೆಯಲ್ಲಿ ಅಡಿಕೆಗೆ ಎರಡನೇ ಮದ್ದು ಬಿಡೋಣ ಎಂದರೆ ಎರಡು ದಿನದ ಬಿಸಿಲು ಸಿಗುವುದಿಲ್ಲ. ಕೊಳೆರೋಗ ಬಂದು ಉದುರಿದ ಎಳೆ ಅಡಿಕೆ ಹೆಕ್ಕುವಾಗ ಹೊಟ್ಟೆ ಉರಿಯುತ್ತದೆ. ಆ ಮಳೆಯನ್ನು ನಾನು ತಡೆಯಲಾರೆ. ಆದರೆ ಅದು ಬಿದ್ದಾಗ ಹೀರಿಕೊಳ್ಳಲು ಗುಡ್ಡೆಯಾದರೂ ಇರಬೇಕಲ್ವಾ? ಗುಡ್ಡೆ ಉಳಿಯುವುದೂ ಕೊಯ್ದು ಹೋಗುವುದೂ ಸರ್ಕಾರಿ ಕಚೇರಿಯ ಒಂದು ಸಹಿಯಲ್ಲಿದೆ.

ಪರಿಸರ ಕಾಪಾಡುವುದು ನಾಗರಿಕರ ಕರ್ತವ್ಯ ಎಂದು ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಸರಿ, ಸಂವಿಧಾನದಲ್ಲಿ ಹಾಗಿದೆ. ಆದರೆ 1976ರಲ್ಲಿ ಆ ಮಾತನ್ನು ಸೇರಿಸಿದ ತಿದ್ದುಪಡಿಯೇ 48ಎ ವಿಧಿಯನ್ನೂ ಸೇರಿಸಿತು. ಪರಿಸರವನ್ನು ಕಾಪಾಡಲು, ಉತ್ತಮಪಡಿಸಲು ಸರ್ಕಾರ ಶ್ರಮಿಸಬೇಕು ಎನ್ನುತ್ತದೆ ಅದು. ವೇದಿಕೆ ಮೇಲೆ ಇದನ್ನು ಯಾಕೆ ಓದುವುದಿಲ್ಲ? 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಜನರ ಹಕ್ಕು ಎಂದಿತು. ಅಳಿದುಹೋಗುತ್ತಿರುವ ಹೆಬ್ಬಕ ಎಂಬ ಹಕ್ಕಿಯ ಕೇಸಿನಲ್ಲಿ ಬಂದ ಮಾತು ಅದು. 2025ರ ಜುಲೈಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಹವಾಮಾನ ಕಾಪಾಡುವುದು ದೇಶಗಳ ಕಾನೂನು ಹೊಣೆ ಎಂದು ಅಭಿಪ್ರಾಯ ಕೊಟ್ಟಿತು. ಕಲ್ಲಿದ್ದಲು, ಎಣ್ಣೆಯಂಥವುಗಳಿಗೆ ಸರ್ಕಾರ ಕೊಡುವ ಪರವಾನಗಿಯೂ ಆ ಲೆಕ್ಕಕ್ಕೆ ಬರಬಹುದು ಎಂದಿತು. ಪರವಾನಗಿ ಕೊಟ್ಟವರೂ ಉತ್ತರ ಹೇಳಬೇಕು ಎಂಬ ಮಾತು ನನಗೆ ಬಹಳ ಹಿಡಿಸಿತು.

ಹೊಣೆ ತಪ್ಪಿದರೆ ಏನಾಗುತ್ತದೆ ಎಂದು ನಮ್ಮ ಎಣ್ಮಕಜೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದರು. ತೋಟ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನದ್ದು. ದೇಶದಲ್ಲಿ ಅದಕ್ಕೆ ತಡೆ ಬೀಳಲು 2011 ಬರಬೇಕಾಯಿತು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಅದೇ ಕೋರ್ಟ್ ಮತ್ತೆ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಬರೀ 8 ಮಂದಿಗೆ. ಹಾಸಿಗೆ ಬಿಟ್ಟು ಏಳಲಾಗದ ಮಗನನ್ನು ಇಪ್ಪತ್ತು ವರ್ಷ ಎತ್ತಿ ಇಳಿಸಿದ ತಾಯಂದಿರು ನಮ್ಮ ನಡುವೆ ಇದ್ದಾರೆ. ಆಮೇಲೆ ಹಣ ಕೊಟ್ಟರೆ ಆ ವರ್ಷಗಳು ಬರುತ್ತವೆಯೇ?

ಗುಡ್ಡೆ ಕೊಯ್ಯಲು ಯಾರು, ಎಷ್ಟು ಸಮಯಕ್ಕೆ ಅನುಮತಿ ಕೊಟ್ಟರು ಎಂದು ಕೇಳಲು ನಾನು ಒಂದು ಕಚೇರಿಗೆ ಮೂರು ಸಲ ಹೋದೆ. ಕನ್ನಡದಲ್ಲಿ ಅರ್ಜಿ ಬರೆದೆ, ಉತ್ತರ ಮಲಯಾಳದಲ್ಲಿ ಬಂತು. ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ಪೇಟೆಯಲ್ಲಿ ದಿನಾ ಮಾತಾಡುತ್ತೇನೆ, ಓದಲು ಬರುವುದಿಲ್ಲ ಅಷ್ಟೇ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಎಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಇದೆ. ಗುಡ್ಡೆ ಜರಿಯುವ ಎಚ್ಚರಿಕೆಯೂ ಹೀಗೇ ಬಂದರೆ ವಯಸ್ಸಾದವರು ಏನು ಮಾಡಬೇಕು?

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. ನಮ್ಮ ಜಿಲ್ಲೆಯ ಪೈವಳಿಕೆಯಲ್ಲಿ ಸೋಲಾರ್ ಪಾರ್ಕ್ ಬಂದಿದೆ, ಒಳ್ಳೆಯದೇ. 2070ಕ್ಕೆ ದೇಶದ ಇಂಗಾಲದ ಲೆಕ್ಕ ಸೊನ್ನೆಗೆ ತರುತ್ತೇವೆ ಎಂದು ದಿಲ್ಲಿ ಹೇಳಿದೆ, ಅದೂ ಆಗಲಿ. ಅದಕ್ಕೆ ಮೊದಲು ನಮ್ಮಲ್ಲಿ ಇಷ್ಟಾದರೂ ಮಾಡಲಿ. ಯಾವ ಗುಡ್ಡೆಯ ಅಡಿಯಲ್ಲಿ ಯಾರ ಸುರಂಗವಿದೆ ಎಂದು ಪ್ರತಿ ಪಂಚಾಯತ್ ಒಂದು ಪುಸ್ತಕದಲ್ಲಿ ಬರೆದಿಡಲಿ. ಕೋರೆಗೆ ಅನುಮತಿ ಕೊಡುವ ಮೊದಲು ಅದನ್ನು ತೆಗೆದು ನೋಡಲಿ, ಕೆಳಗಿನ ಮನೆಯವರನ್ನು ಕರೆದು ಕೇಳಲಿ. ನೋಟಿಸನ್ನು ಕನ್ನಡದಲ್ಲೂ ಹಚ್ಚಲಿ. ಬರುವ ಮಳೆಗಾಲ ಮುಗಿದು ಕೋರೆಗಳು ಮತ್ತೆ ಶುರುವಾಗುವ ಮೊದಲೇ ಇದು ಆಗಬೇಕು.

ಇತಿ,
ಒಬ್ಬ ಅಡಿಕೆ ಕೃಷಿಕ
ಎಣ್ಮಕಜೆ, ಕಾಸರಗೋಡು