ಕಟಿಂಗ್ ಆದ ಮೇಲೆ ಕುತ್ತಿಗೆ ತಿರುಚಿಸಿಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಹೋದ ವರ್ಷ ನಮ್ಮ ಭಾವ ಕಟಿಂಗ್ ಮಾಡಿಸಿಕೊಂಡು ಬಂದ ಮೂರನೇ ದಿನ ಬಚ್ಚಲಲ್ಲಿ ಬಿದ್ದರು. ತಲೆ ಸುತ್ತು, ವಾಂತಿ, ಎದ್ದು ನಿಂತರೆ ಎಡಕ್ಕೆ ವಾಲುತ್ತಿದ್ದರು. ಮೊದಲು ಹೋದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆ ಕಾಫಿ ಲೋಟ ಬಾಯಿಗೆ ತರಲು ಹೋದರೆ ಕೈ ಗಲ್ಲದ ಹತ್ತಿರ ಹೋಗಿ ಕಾಫಿಯೆಲ್ಲ ಶರ್ಟ್ ಮೇಲೆ ಚೆಲ್ಲಿತು. ಆಗ ನಮಗೆ ಭಯವಾಯಿತು. ದೊಡ್ಡಾಸ್ಪತ್ರೆಗೆ ಕರಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ, "ಕುತ್ತಿಗೆಗೆ ಏನಾದ್ರೂ ಆಗಿತ್ತಾ?" ಅಂತ. ಅಕ್ಕನಿಗೆ ಥಟ್ಟನೆ ನೆನಪಾಯಿತು. ಕಟಿಂಗ್ ಶಾಪ್‌ನಿಂದ ಬಂದಾಗಿನಿಂದ ಭಾವ ಕುತ್ತಿಗೆ ಹಿಂದೆ ಒಂದೇ ಕಡೆ ನೋವು ಅಂತ ಹೇಳುತ್ತಲೇ ಇದ್ದರು.

ಅಲ್ಲಿ ಆಗಿದ್ದು ನಾವೆಲ್ಲ ನೋಡಿರುವಂಥದ್ದೇ. ತಲೆಗೆ ಎಣ್ಣೆ ತಟ್ಟಿ, ಭುಜ ಹಿಸುಕಿ, ಕೊನೆಗೆ ಒಂದು ಕೈ ಗದ್ದಕ್ಕೆ ಇನ್ನೊಂದು ಕೈ ನೆತ್ತಿಗೆ ಇಟ್ಟು ಲಟಕ್ ಅಂತ ತಿರುಗಿಸುವುದು. ನೆಟಿಕೆ ತೆಗೆಯುವುದು ಅಂತಾರಲ್ಲ, ಅದು. ಸದ್ದು ಬಂದರೆ ಮೂಳೆ ಸರಿಯಾಗಿ ಕೂತಿತು ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿ ಗುಳ್ಳೆಯಾಗಿ ಬರುವ ಸದ್ದು ಅದು, ಅಷ್ಟೇ.

ಕುತ್ತಿಗೆಯೊಳಗೆ ಏನಿದೆ ಅಂತ ಗೊತ್ತಿದ್ದರೆ ಯಾರೂ ಅದನ್ನು ಹಾಗೆ ತಿರುಚಲು ಬಿಡುವುದಿಲ್ಲ. ನಮ್ಮ ತಲೆ ಹತ್ತಿರ ಹತ್ತಿರ 5 ಕಿಲೋ ತೂಗುತ್ತದೆ. ಅದನ್ನು ಹೊತ್ತಿರುವುದು ಸಣ್ಣ ಸಣ್ಣ 7 ಮೂಳೆ. (ಜಿರಾಫೆ ಕುತ್ತಿಗೆಯಲ್ಲೂ 7 ಮೂಳೆಯೇ ಇರುವುದು, ಇದನ್ನು ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ.) ಎಲ್ಲಕ್ಕಿಂತ ಮೇಲಿನದು ಬಳೆಯ ಹಾಗಿದೆ. ಕೊಡದ ಕೆಳಗೆ ಸಿಂಬಿ ಇಡುತ್ತೇವಲ್ಲ, ಹಾಗೆ ತಲೆಬುರುಡೆಯ ಕೆಳಗೆ ಇದು ಕೂತಿದೆ. ಅದರ ಕೆಳಗಿನ ಎರಡನೇ ಮೂಳೆಗೆ ಮೇಲ್ಮುಖವಾಗಿ ಒಂದು ಗೂಟವಿದೆ. ಬೀಸುವ ಕಲ್ಲಿನ ಮೇಲಿನ ಕಲ್ಲು ನಡುವಿನ ಗೂಟದ ಸುತ್ತ ತಿರುಗುವ ಹಾಗೆ, ಸಿಂಬಿಯೂ ತಲೆಯೂ ಸೇರಿ ಈ ಗೂಟದ ಸುತ್ತ ತಿರುಗುತ್ತವೆ. ಹೌದು ಅಂತ ತಲೆ ಹಾಕುವಾಗ ಬುರುಡೆ ಸಿಂಬಿಯ ಮೇಲೆ ಆಡುತ್ತದೆ. ಬೇಡ ಅಂತ ತಲೆ ಅಲ್ಲಾಡಿಸುವಾಗ ಸಿಂಬಿ ಗೂಟದ ಸುತ್ತ ಆಡುತ್ತದೆ. ಕುತ್ತಿಗೆ ತಿರುಗುವುದರಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಜಾಗದಲ್ಲಿ ಆಗುತ್ತದೆ.

ಇನ್ನು ರಕ್ತನಾಳ. ಗಂಟಲಿನ ಉಬ್ಬಿನ ಪಕ್ಕ ಎರಡು ಬೆರಳು ಮೆಲ್ಲಗೆ ಇಟ್ಟು ನೋಡಿ, ಟುಕ್ ಟುಕ್ ಅಂತ ಬಡಿಯುವುದು ಸಿಗುತ್ತದೆ. (ಒಂದೇ ಕಡೆ ಮುಟ್ಟಿ, ಎರಡೂ ಕಡೆ ಒಟ್ಟಿಗೆ ಒತ್ತಬೇಡಿ.) ಅದು ಕೆರೋಟಿಡ್, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ದಾರಿ. ಕೈಗೆ ಸಿಗದ ಇನ್ನೆರಡು ಹಿಂದೆ ಇವೆ. ಕುತ್ತಿಗೆ ಮೂಳೆಗಳ ಎರಡೂ ಪಕ್ಕ ಸಣ್ಣ ತೂತುಗಳಿವೆ. ದಾರದಲ್ಲಿ ಮಣಿ ಪೋಣಿಸಿದ ಹಾಗೆ ಈ ನಾಳಗಳು ಸಾಮಾನ್ಯವಾಗಿ 6ನೇ ಮೂಳೆಯಿಂದ ಆ ತೂತುಗಳೊಳಗೆ ಮೇಲೇರಿ, ಸಿಂಬಿಯ ಹತ್ತಿರ ಹಿಂದಕ್ಕೆ ಬಳಸಿ, ತಲೆಬುರುಡೆಯ ದೊಡ್ಡ ತೂತಿನಿಂದ ಒಳಗೆ ಹೋಗುತ್ತವೆ. ನಡೆಯುವಾಗ ತೂಕ ತಪ್ಪದಂತೆ ನೋಡಿಕೊಳ್ಳುವ ಕಿರುಮಿದುಳು, ಉಸಿರು ನಡೆಸುವ ಮಿದುಳಿನ ಕಾಂಡ ಎಲ್ಲಕ್ಕೂ ರಕ್ತ ಇಲ್ಲಿಂದಲೇ. ಈಗ ಯೋಚನೆ ಮಾಡಿ, ತಲೆಯನ್ನು ಜೋರಾಗಿ ತಿರುಚಿದಾಗ ಜಾಸ್ತಿ ಜಗ್ಗುವುದು ಎಲ್ಲಿ? ಆ ಬಳಸಿನಲ್ಲೇ ಅಲ್ವಾ?

ನಾಳದ ಒಳಪದರ ಚೂರು ಹರಿದರೂ ಸಾಕು. ಸುಣ್ಣದ ಹಿಂದೆ ನೀರು ಇಳಿದು ಗೋಡೆ ಉಬ್ಬುವ ಹಾಗೆ ಪದರಗಳ ನಡುವೆ ರಕ್ತ ಸೇರುತ್ತದೆ, ಅಲ್ಲಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಸ್ಟ್ರೋಕ್. ಇದು ಕೂಡಲೇ ಗೊತ್ತಾಗಬೇಕು ಅಂತಿಲ್ಲ. ಗಂಟೆಗಳಾಗಬಹುದು, ದಿನಗಳೂ ಆಗಬಹುದು, ಅಷ್ಟರಲ್ಲಿ ಕಟಿಂಗ್ ಶಾಪ್ ಮರೆತೇ ಹೋಗಿರುತ್ತದೆ.

2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೇ ಆಗಿದ್ದು ಪೇಪರುಗಳಲ್ಲೇ ಬಂದಿತ್ತು. ಫ್ರೀ ಹೆಡ್ ಮಸಾಜ್ ಅಂತ ಕೂತವನಿಗೆ ಕುತ್ತಿಗೆ ತಿರುಚಿದ ಮೇಲೆ ಮಾತು ನಿಂತು, ಎಡಭಾಗ ಬಲ ಕಳೆದುಕೊಂಡಿತು. ಅವನಿಗೆ ಹರಿದಿದ್ದು ಕೆರೋಟಿಡ್. ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವಾಗ ಬೇಸಿನ್ ಮೇಲೆ ಕುತ್ತಿಗೆಯನ್ನು ತುಂಬಾ ಹಿಂದಕ್ಕೆ ಬಗ್ಗಿಸಿದರೂ ಸ್ಟ್ರೋಕ್ ಆಗಬಹುದು ಅಂತ ಅಮೆರಿಕದ ಡಾಕ್ಟರೊಬ್ಬರು ಐದು ಕೇಸುಗಳ ಸಮೇತ 1993ರಲ್ಲೇ ಬರೆದಿದ್ದಾರೆ. ಇದು ಅಪರೂಪ, ನೆಟಿಕೆ ತೆಗೆಸಿಕೊಂಡ ಎಲ್ಲರಿಗೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಸುಮ್ನೆ ಒಂದು ಸದ್ದಿಗೋಸ್ಕರ ಇಂಥದ್ದು ಬೇಕಾ?

ಕಟಿಂಗ್ ಶಾಪ್‌ನವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಗಿರಾಕಿಗೆ ಹಾಯಾಗಲಿ ಅಂತಲೇ ಅವರು ಮಾಡುವುದು, ಎಷ್ಟೋ ಜನ ಕೇಳಿ ಮಾಡಿಸಿಕೊಳ್ಳುತ್ತಾರೆ. ಕೆಲಸ ಕಲಿಸುವಾಗ ಅವರಿಗೆ ಇದನ್ನು ಯಾರೂ ಹೇಳಿಲ್ಲ. ಸಲೂನ್ ತರಬೇತಿ ಕೊಡುವವರು ಮೊದಲ ದಿನವೇ ಹೇಳಬೇಕು: ತಲೆ ಒತ್ತಿ, ಭುಜ ಒತ್ತಿ, ಕುತ್ತಿಗೆ ತಿರುಚಬೇಡಿ. ಹಾಗೆ ತಿರುಚಿಸಿಕೊಂಡ ಮೇಲೆ ಎಂದೂ ಬರದಂಥ ತಲೆನೋವು, ಕುತ್ತಿಗೆ ನೋವು, ಒಂದು ಕಣ್ಣಿನ ರೆಪ್ಪೆ ಜೋಲುವುದು, ಎರಡೆರಡು ಕಾಣುವುದು, ಮಾತು ತೊದಲುವುದು, ತೂಕ ತಪ್ಪುವುದು, ಇದರಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಫೋನ್ ಮಾಡಿ. ಡಾಕ್ಟರ್ ಕೇಳದಿದ್ದರೂ ಕುತ್ತಿಗೆ ತಿರುಚಿದ್ದನ್ನು ನೀವಾಗಿಯೇ ಹೇಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಭಾವನಿಗೆ ಆ ಹೊತ್ತು ಮೀರಿಹೋಗಿತ್ತು. ಈಗ ಓಡಾಡುತ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಇವತ್ತಿಗೂ ಗೋಡೆ ಹಿಡಿದುಕೊಳ್ಳುತ್ತಾರೆ.

ಸಂಪಾದಕರಲ್ಲಿ ಒಂದು ಕೇಳಿಕೆ. ನಮ್ಮೂರಿನ ಕಟಿಂಗ್ ಶಾಪ್‌ಗಳಲ್ಲಿ ಬೆಂಚಿನ ಮೇಲೆ ಯಾವಾಗಲೂ ನಿಮ್ಮ ಪೇಪರ್ ಇರುತ್ತದೆ. ಕಾಯುತ್ತಾ ಕೂತವರೆಲ್ಲ ಓದುತ್ತಾರೆ, ಕತ್ತರಿ ಹಿಡಿದವರೂ ಬಿಡುವಿದ್ದಾಗ ಓದುತ್ತಾರೆ. ಒಂದು ಭಾನುವಾರ ಕುತ್ತಿಗೆಯ ಮೂಳೆ, ಅದರೊಳಗೆ ಹಾಯುವ ರಕ್ತನಾಳದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ. ಭಾನುವಾರವೇ ಅಲ್ಲಿ ಜನ ಜಾಸ್ತಿ.

ಒಬ್ಬ ಓದುಗ, ಹಾಸನ